ಒಗ್ಗಟ್ಟಿಗೂ ತತ್ವಕ್ಕೂ ನಡುವೆ 60 ಪ್ರತಿನಿಧಿಗಳು

1976ರ ಆಗಸ್ಟ್‌ನಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ನಡೆದ ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಾವೇಶವು ಹಾಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಅವರನ್ನು ತನ್ನ ಅಭ್ಯರ್ಥಿಯಾಗಿ ಆರಿಸಿತು. ಫೋರ್ಡ್ ಪಡೆದದ್ದು 1,187 ಮತ, ಕನ್ಸರ್ವೇಟಿವ್ ಬಣದ ಎದುರಾಳಿ ರೊನಾಲ್ಡ್ ರೇಗನ್ ಪಡೆದದ್ದು 1,070. ಒಟ್ಟು 2,259 ಪ್ರತಿನಿಧಿಗಳ ಪೈಕಿ ಗೆಲುವಿಗೆ 1,130 ಮಂದಿ ಬೇಕಿತ್ತು. 60 ಜನ ಆಚೆಯಿಂದ ಈಚೆ ಬಂದಿದ್ದರೆ ಶ್ವೇತಭವನದಲ್ಲಿ ಕುಳಿತಿದ್ದ ಅಧ್ಯಕ್ಷರಿಗೇ ಅವರ ಪಕ್ಷ ಟಿಕೆಟ್ ನಿರಾಕರಿಸಿದಂತಾಗುತ್ತಿತ್ತು.

ಅಮೆರಿಕದ ಕನ್ಸರ್ವೇಟಿವ್ ರಾಜಕಾರಣದಲ್ಲಿ ಪ್ರತಿ ನಾಲ್ಕು ವರ್ಷಕ್ಕೊಮ್ಮೆ ತಲೆಯೆತ್ತುವ ಜಗಳಕ್ಕೆ ಇಷ್ಟು ನಿಖರವಾದ ಲೆಕ್ಕ ಬೇರೆ ಯಾವ ವರ್ಷವೂ ಕೊಡುವುದಿಲ್ಲ. ಒಂದು ಬಣದ ವಾದ ಹೀಗೆ: ನಮ್ಮೊಳಗೆ ಕಚ್ಚಾಡಿಕೊಂಡರೆ ಡೆಮಾಕ್ರಟಿಕ್ ಪಕ್ಷ ಗೆಲ್ಲುತ್ತದೆ, ಆದ್ದರಿಂದ ಗೆಲ್ಲಬಲ್ಲವರ ಹಿಂದೆ ಎಲ್ಲರೂ ನಿಲ್ಲೋಣ. ಇನ್ನೊಂದು ಬಣ ಕೇಳುತ್ತದೆ: ಚಿಕ್ಕ ಸರ್ಕಾರ, ಕಡಿಮೆ ತೆರಿಗೆ, ರಾಜ್ಯಗಳ ಅಧಿಕಾರ, ಕಮ್ಯುನಿಸಂ ಬಗ್ಗೆ ರಾಜಿಯಿಲ್ಲದ ನಿಲುವು, ಇವನ್ನೆಲ್ಲ ಬಿಟ್ಟುಕೊಟ್ಟ ಮೇಲೆ ಗೆದ್ದು ಮಾಡುವುದೇನು? ಎರಡು ವಾದದಲ್ಲೂ ಹುರುಳಿದೆ. ಆದರೆ ಇದು ಭಾಷಣಗಳಲ್ಲಿ ತೀರ್ಮಾನವಾಗುವ ಜಗಳವಲ್ಲ. ಪ್ರತಿನಿಧಿಗಳ ಎಣಿಕೆ, ಸಮಾವೇಶದ ನಿಯಮಾವಳಿ, ಪ್ರಣಾಳಿಕೆಯ ಒಂದೊಂದು ಪ್ಯಾರಾ, ಉಪಾಧ್ಯಕ್ಷ ಸ್ಥಾನದ ಆಯ್ಕೆ, ಈ ನಾಲ್ಕು ಕಡೆ ಅದು ಇತ್ಯರ್ಥವಾಗುತ್ತದೆ. ತತ್ವದ ಬಣಕ್ಕೆ ಬೆಲೆ ಸಿಗುವುದು ಎಣಿಕೆ ಮುಗಿಯುವ ತನಕ ಮಾತ್ರ.

ಈ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು. ನಮ್ಮಲ್ಲಿ ಬಿ ಫಾರಂ ಯಾರ ಕೈ ಸೇರಿತೋ ಅವರೇ ಪಕ್ಷದ ಅಭ್ಯರ್ಥಿ, ಅದನ್ನು ಕೊಡುವುದು ಹೈಕಮಾಂಡ್. ಅಮೆರಿಕದ ಪಕ್ಷಗಳಲ್ಲಿ ಅಂಥ ಹೈಕಮಾಂಡ್ ಇಲ್ಲ. ಚುನಾವಣಾ ವರ್ಷದ ಆರಂಭದಿಂದ ಜೂನ್‌ವರೆಗೆ ಒಂದೊಂದೇ ರಾಜ್ಯ ಪ್ರೈಮರಿ ಮತದಾನವನ್ನೋ ಕಾಕಸ್ ಸಭೆಗಳನ್ನೋ ನಡೆಸುತ್ತದೆ. ಅದರ ಫಲಿತಾಂಶಕ್ಕೆ ತಕ್ಕಂತೆ ಆ ರಾಜ್ಯದ ಪ್ರತಿನಿಧಿಗಳು ಅಭ್ಯರ್ಥಿಗಳಿಗೆ ಹಂಚಿಕೆಯಾಗುತ್ತಾರೆ. ಬೇಸಿಗೆಯ ಸಮಾವೇಶದಲ್ಲಿ ಈ ಪ್ರತಿನಿಧಿಗಳು ಮತ ಹಾಕಿ, ಅರ್ಧಕ್ಕಿಂತ ಹೆಚ್ಚು ಮತ ಬಂದವರನ್ನು ಅಭ್ಯರ್ಥಿ ಎಂದು ಘೋಷಿಸುತ್ತಾರೆ. ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬಾರದಿದ್ದರೆ ಎರಡನೇ ಸುತ್ತು, ಮೂರನೇ ಸುತ್ತು.

ಹೊರಗಿನಿಂದ ನೋಡುವವರ ಕಣ್ಣಿಗೆ ಬೀಳದ ಸಂಗತಿಯೊಂದು ಇಲ್ಲಿದೆ. ಒಬ್ಬ ಪ್ರತಿನಿಧಿ ಯಾರಿಗೆ ಬದ್ಧ ಎಂಬುದು ಒಂದು ಪ್ರಶ್ನೆ, ಆ ಪ್ರತಿನಿಧಿಯ ಕುರ್ಚಿಯಲ್ಲಿ ಕೂರುವ ಮನುಷ್ಯ ಯಾರು ಎಂಬುದು ಬೇರೆ ಪ್ರಶ್ನೆ. ಹಲವು ರಾಜ್ಯಗಳಲ್ಲಿ ಮೊದಲನೆಯದನ್ನು ಪ್ರೈಮರಿಯ ಮತದಾರರು ನಿರ್ಧರಿಸಿದರೆ, ಎರಡನೆಯದನ್ನು ವಾರಗಳ ನಂತರ ಜಿಲ್ಲಾ ಮತ್ತು ರಾಜ್ಯ ಮಟ್ಟದ ಸಭೆಗಳಲ್ಲಿ ಪಕ್ಷದ ಕಾರ್ಯಕರ್ತರು ನಿರ್ಧರಿಸುತ್ತಾರೆ. ಸಂಜೆ ಹೊತ್ತು ಶಾಲೆಯ ಸಭಾಂಗಣದಲ್ಲಿ ನಡೆಯುವ ಆ ಸಭೆಗೆ ಬಂದು ಕೊನೆಯವರೆಗೂ ಕೂರುವವರು ಸಾಮಾನ್ಯವಾಗಿ ಸಿದ್ಧಾಂತದ ಬಗ್ಗೆ ಗಟ್ಟಿಯಾಗಿರುವವರು. ಹಾಗಾಗಿ ಕಾಗದದ ಮೇಲೆ ಫೋರ್ಡ್ ಅವರಿಗೆ ಬದ್ಧ, ಮನಸ್ಸಿನಲ್ಲಿ ರೇಗನ್ ಭಕ್ತ, ಇಂಥ ಪ್ರತಿನಿಧಿಗಳು 1976ರಲ್ಲಿ ಸಾಕಷ್ಟು ಮಂದಿ ಇದ್ದರು. ಈ ಬದ್ಧತೆ ಅನ್ವಯಿಸುವುದು ಅಭ್ಯರ್ಥಿಯ ಹೆಸರಿನ ಮೇಲೆ ನಡೆಯುವ ಮತದಾನಕ್ಕೆ ಮಾತ್ರ. ನಿಯಮ ತಿದ್ದುಪಡಿಗೂ ಪ್ರಣಾಳಿಕೆಗೂ ಅವರು ತಮ್ಮ ಇಷ್ಟದಂತೆ ಮತ ಹಾಕಬಹುದು. ತತ್ವದ ಬಣದ ತಂತ್ರವೆಲ್ಲ ಈ ಕಿಂಡಿಯಲ್ಲೇ ನುಗ್ಗುತ್ತದೆ.

ಫೋರ್ಡ್ ಅವರ ಸ್ಥಿತಿ ವಿಚಿತ್ರವಾಗಿತ್ತು. ಅವರು ದೇಶದ ಮತದಾರರಿಂದ ಉಪಾಧ್ಯಕ್ಷರಾಗಿಯೂ ಆಯ್ಕೆಯಾದವರಲ್ಲ, ಅಧ್ಯಕ್ಷರಾಗಿಯೂ ಆಯ್ಕೆಯಾದವರಲ್ಲ. 1973ರಲ್ಲಿ ಆಗಿನ ಅಧ್ಯಕ್ಷ ರಿಚರ್ಡ್ ನಿಕ್ಸನ್ ಫೋರ್ಡ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಹೆಸರಿಸಿದರು, 1974ರ ಆಗಸ್ಟ್ 9ರಂದು ನಿಕ್ಸನ್ ರಾಜೀನಾಮೆ ಕೊಟ್ಟಾಗ ಪಟ್ಟ ತಾನಾಗಿ ಬಂತು. ಕನ್ಸರ್ವೇಟಿವ್ ಬಣದ ಮುನಿಸು ಅಲ್ಲಿಂದಲೇ ಶುರು. ಫೋರ್ಡ್ ತಮ್ಮ ಉಪಾಧ್ಯಕ್ಷರಾಗಿ ಆರಿಸಿಕೊಂಡದ್ದು ಆ ಬಣ ಹತ್ತು ವರ್ಷಗಳಿಂದ ವಿರೋಧಿಸುತ್ತ ಬಂದಿದ್ದ ಉದಾರವಾದಿ ನೆಲ್ಸನ್ ರಾಕಫೆಲ್ಲರ್ ಅವರನ್ನು. 1975ರಲ್ಲಿ ಸೋವಿಯತ್ ಒಕ್ಕೂಟದೊಂದಿಗೆ, ಯುರೋಪಿನ ಯುದ್ಧಾನಂತರದ ಗಡಿಗಳನ್ನು ಮಾನ್ಯ ಮಾಡುವ ಹೆಲ್ಸಿಂಕಿ ಒಪ್ಪಂದಕ್ಕೆ ಸಹಿ ಹಾಕಿದರು. ಅಲ್ಲಿಂದ ಗಡೀಪಾರಾಗಿ ಬಂದ ಲೇಖಕ ಸೊಲ್ಜೆನಿತ್ಸಿನ್ ವಾಷಿಂಗ್ಟನ್‌ನಲ್ಲಿದ್ದಾಗ ಅವರನ್ನು ಭೇಟಿಯಾಗಲಿಲ್ಲ. ಪನಾಮಾ ಕಾಲುವೆಯನ್ನು ಪನಾಮಾಕ್ಕೆ ಬಿಟ್ಟುಕೊಡುವ ಮಾತುಕತೆ ಮುಂದುವರಿಸಿದರು. 1975ರ ನವೆಂಬರ್‌ನಲ್ಲಿ ರಾಕಫೆಲ್ಲರ್ ಬಾಯಿಂದ, ಮುಂದಿನ ಚುನಾವಣೆಯಲ್ಲಿ ತಾವು ಜೊತೆಗಿರುವುದಿಲ್ಲ ಎಂದು ಹೇಳಿಸಿದ್ದು ಆ ಬಣವನ್ನು ಸಮಾಧಾನಪಡಿಸುವುದಕ್ಕಾಗಿಯೇ. ಆದರೆ ಅದೇ ತಿಂಗಳ 20ರಂದು ರೇಗನ್ ಕಣಕ್ಕಿಳಿದೇ ಬಿಟ್ಟರು.

ಮೊದಮೊದಲು ರೇಗನ್‌ಗೆ ಸೋಲಿನ ಮೇಲೆ ಸೋಲು. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಕೂದಲೆಳೆಯ ಅಂತರದಲ್ಲಿ, ಆಮೇಲೆ ಫ್ಲಾರಿಡಾದಲ್ಲಿ, ಆಮೇಲೆ ಇಲಿನಾಯ್‌ನಲ್ಲಿ. ಪ್ರಚಾರದ ಖಜಾನೆ ಬರಿದಾಗಿ ಸಾಲ ಏರಿತ್ತು. ಪಕ್ಷದ ಒಗ್ಗಟ್ಟಿನ ಹೆಸರಿನಲ್ಲಿ ಕಣದಿಂದ ಹಿಂದೆ ಸರಿಯಿರಿ ಎಂಬ ಒತ್ತಡ ಎಲ್ಲ ಕಡೆಯಿಂದ ಬಂತು. ಅವರು ಸರಿಯಲಿಲ್ಲ. ಮಾರ್ಚ್ 23ರಂದು ಉತ್ತರ ಕೆರೊಲಿನಾದಲ್ಲಿ, ಸೆನೆಟರ್ ಜೆಸ್ಸಿ ಹೆಲ್ಮ್ಸ್ ಅವರ ಸಂಘಟನೆಯ ಬಲದಿಂದ, ಪನಾಮಾ ಕಾಲುವೆಯ ವಿಷಯವನ್ನೇ ಮುಂದಿಟ್ಟು ಗೆದ್ದರು. ಮೇ 1ರಂದು ಟೆಕ್ಸಾಸ್‌ನಲ್ಲಿ ಪ್ರೈಮರಿಗಿದ್ದ ಅಷ್ಟೂ ಸ್ಥಾನಗಳು ಅವರ ಪಾಲಾದವು. ಟೆಕ್ಸಾಸ್‌ನಲ್ಲಿ ಮತದಾರರು ಪಕ್ಷದ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬೇಕಿಲ್ಲ, ಹಾಗಾಗಿ ಕನ್ಸರ್ವೇಟಿವ್ ಒಲವಿನ ಡೆಮಾಕ್ರಟಿಕ್ ಮತದಾರರೂ ಬಂದು ರೇಗನ್‌ಗೆ ಮತ ಹಾಕಿದರು. ಪ್ರೈಮರಿಗಳೆಲ್ಲ ಮುಗಿದಾಗ ಫೋರ್ಡ್ ಮುಂದಿದ್ದರೂ ಬಹುಮತ ಯಾರ ಕೈಯಲ್ಲೂ ಇರಲಿಲ್ಲ. ಯಾರಿಗೂ ಬದ್ಧರಾಗದ ಸುಮಾರು ನೂರು ಪ್ರತಿನಿಧಿಗಳ ಕೈಯಲ್ಲಿ ತೀರ್ಪು ಉಳಿಯಿತು.

ಹಾಲಿ ಅಧ್ಯಕ್ಷರಾಗಿರುವುದರ ಲಾಭ ಇಲ್ಲಿ ಕಾಣುತ್ತದೆ. ಊರಿನ ಮಟ್ಟದ ಒಬ್ಬ ಪಕ್ಷದ ಪದಾಧಿಕಾರಿಗೆ ಶ್ವೇತಭವನದಿಂದ ಫೋನ್ ಬರುತ್ತದೆ, ಔತಣಕ್ಕೆ ಕರೆ ಬರುತ್ತದೆ, ಅಧ್ಯಕ್ಷರೇ ಎದುರು ಕುಳಿತು ಮಾತಾಡುತ್ತಾರೆ. ಫೋರ್ಡ್ ಪರವಾಗಿ ಈ ಬೇಟೆಯ ಉಸ್ತುವಾರಿ ವಹಿಸಿದ್ದವರು, ಮುಂದೆ ವಿದೇಶಾಂಗ ಸಚಿವರಾದ ಜೇಮ್ಸ್ ಬೇಕರ್. ಒಬ್ಬೊಬ್ಬ ಪ್ರತಿನಿಧಿಯ ಹೆಸರು, ಒಲವು, ಅವರ ಮೇಲೆ ಪ್ರಭಾವ ಇರುವವರು ಯಾರು ಎಂಬುದರ ಪಟ್ಟಿ ಇಟ್ಟುಕೊಂಡು ಅವರು ಎಣಿಸುತ್ತಿದ್ದರು. ಪತ್ರಕರ್ತರು ಅವರ ಎಣಿಕೆಯನ್ನು ನಂಬುತ್ತಿದ್ದರು, ಏಕೆಂದರೆ ಖಚಿತವಾದ ಮೇಲಷ್ಟೇ ಅವರು ಅಂಕಿಯನ್ನು ಹೊರಗೆ ಬಿಡುತ್ತಿದ್ದರು. ಇಂಥ ಸ್ಪರ್ಧೆಯಲ್ಲಿ ಸುಳ್ಳು ಎಣಿಕೆ ದೊಡ್ಡ ಅಪಾಯ. ಒಮ್ಮೆ ಹೇಳಿದ ಸಂಖ್ಯೆಯಿಂದ ಕೆಳಗಿಳಿದರೆ, ತೂಗುಯ್ಯಾಲೆಯಲ್ಲಿರುವವರು ಗೆಲ್ಲುವ ಕಡೆ ಓಡುತ್ತಾರೆ.

ಹಿಂದೆ ಬಿದ್ದಿದ್ದ ರೇಗನ್ ಪಾಳೆಯದ ಪ್ರಚಾರ ಮುಖ್ಯಸ್ಥ ಜಾನ್ ಸಿಯರ್ಸ್ ಜುಲೈ 26ರಂದು ಯಾರೂ ಊಹಿಸದ ದಾಳ ಉರುಳಿಸಿದರು. ರೇಗನ್ ತಮ್ಮ ಉಪಾಧ್ಯಕ್ಷ ಅಭ್ಯರ್ಥಿಯ ಹೆಸರನ್ನು ಸಮಾವೇಶಕ್ಕೆ ಮೊದಲೇ ಪ್ರಕಟಿಸಿದರು: ಪೆನ್ಸಿಲ್ವೇನಿಯಾದ ಸೆನೆಟರ್ ರಿಚರ್ಡ್ ಶ್ವೈಕರ್. ಪಕ್ಷದ ಉದಾರವಾದಿ ಬಣದವರು, ಕಾರ್ಮಿಕ ಸಂಘಟನೆಗಳಿಗೆ ಹತ್ತಿರದವರು. ಲೆಕ್ಕಾಚಾರ ಇಷ್ಟೇ: ಪೆನ್ಸಿಲ್ವೇನಿಯಾದ ನೂರಕ್ಕೂ ಹೆಚ್ಚು ಪ್ರತಿನಿಧಿಗಳ ಪೈಕಿ ಕೆಲವರಾದರೂ ತಮ್ಮ ಸೆನೆಟರ್ ಜೊತೆ ಬರುತ್ತಾರೆ, ಈಶಾನ್ಯ ರಾಜ್ಯಗಳಲ್ಲಿ ಫೋರ್ಡ್ ಗೋಡೆ ಬಿರುಕು ಬಿಡುತ್ತದೆ.

ಗೋಡೆ ಬಿರುಕು ಬಿಡಲಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಫೋರ್ಡ್ ಪ್ರಚಾರದ ಹೊಣೆ ಹೊತ್ತಿದ್ದ ಡ್ರೂ ಲೂಯಿಸ್ ಶ್ವೈಕರ್ ಅವರ ಹಳೆಯ ಗೆಳೆಯ. ಆದರೂ ಅವರು ಕದಲಲಿಲ್ಲ, ಅವರ ಜನರೂ ಕದಲಲಿಲ್ಲ. ಅತ್ತ ರೇಗನ್ ಅವರ ಸ್ವಂತ ನೆಲೆ ಕುಸಿಯಿತು. ರಾಕಫೆಲ್ಲರ್ ಬೇಡವೆಂದು ವರ್ಷಗಟ್ಟಲೆ ಹೋರಾಡಿದವರು, ತಮ್ಮ ನಾಯಕನೇ ಇನ್ನೊಬ್ಬ ಉದಾರವಾದಿಯನ್ನು ಪಕ್ಕದಲ್ಲಿ ಕೂರಿಸಿಕೊಂಡದ್ದನ್ನು ಹೇಗೆ ಒಪ್ಪಿಯಾರು? ಮಿಸಿಸಿಪಿ ರಾಜ್ಯದ ಪಕ್ಷದ ನಾಯಕ ಕ್ಲಾರ್ಕ್ ರೀಡ್ ಫೋರ್ಡ್ ಕಡೆ ವಾಲಿದರು. ಈ ಒಂದು ವಾಲಿಕೆ ಯಾಕಷ್ಟು ದುಬಾರಿಯಾಯಿತೆಂದರೆ, ಮಿಸಿಸಿಪಿ ನಿಯೋಗ ಒಟ್ಟಾಗಿ ಮತ ಹಾಕುವ ಪದ್ಧತಿ ಇಟ್ಟುಕೊಂಡಿತ್ತು. 30 ಪ್ರತಿನಿಧಿಗಳು, 30 ಬದಲಿ ಪ್ರತಿನಿಧಿಗಳು, ತಲಾ ಅರ್ಧ ಮತ. ಒಳಗಿನ ಮತದಾನದಲ್ಲಿ ಒಂದು ಕಡೆಗೆ ಚೂರು ಹೆಚ್ಚಾದರೂ 30ಕ್ಕೆ 30 ಮತವೂ ಆ ಕಡೆಗೇ. ರೇಗನ್ ತಮ್ಮದೆಂದೇ ಎಣಿಸಿಕೊಂಡಿದ್ದ ರಾಜ್ಯ ಅದು.

ತತ್ವದ ಹೆಸರಿನಲ್ಲಿ ನಿಂತ ಅಭ್ಯರ್ಥಿ ಒಗ್ಗಟ್ಟಿನ ಸರಕನ್ನು ಮಾರಲು ಹೋದರೆ ಕೊಳ್ಳುವವರು ಸಿಗುವುದಿಲ್ಲ, ಇದು ಶ್ವೈಕರ್ ಪ್ರಕರಣ ಕಲಿಸುವ ಪಾಠ. ಮಧ್ಯದಲ್ಲಿರುವವರಿಗೆ ಒಗ್ಗಟ್ಟು ಬೇಕಿದ್ದರೆ ಹಾಲಿ ಅಧ್ಯಕ್ಷರು ಇದ್ದೇ ಇದ್ದರು. ಗೆದ್ದ ಮೇಲೆ ಎದುರಾಳಿ ಬಣದವರನ್ನು ಜೊತೆಗೆ ಕರೆದುಕೊಂಡರೆ ಅದು ಔದಾರ್ಯ ಎನಿಸುತ್ತದೆ. ಗೆಲ್ಲುವ ಮೊದಲು ಅದನ್ನೇ ಮಾಡಿದರೆ ಹತಾಶೆ ಎನಿಸುತ್ತದೆ. 1980ರಲ್ಲಿ ರೇಗನ್ ಅದನ್ನು ಸರಿಯಾದ ಕ್ರಮದಲ್ಲಿ ಮಾಡಿದರು: ಮೊದಲು ಅಭ್ಯರ್ಥಿ ಸ್ಥಾನ ಗೆದ್ದರು, ಆಮೇಲೆ ಪ್ರೈಮರಿಯಲ್ಲಿ ತಮ್ಮ ತೆರಿಗೆ ಯೋಜನೆಯನ್ನು ಗೇಲಿ ಮಾಡಿದ್ದ ಜಾರ್ಜ್ ಎಚ್.ಡಬ್ಲ್ಯು. ಬುಷ್ ಅವರನ್ನು ಉಪಾಧ್ಯಕ್ಷ ಸ್ಥಾನಕ್ಕೆ ಕರೆದರು. ಆಗ ಯಾರೂ ಬಿಟ್ಟು ಹೋಗಲಿಲ್ಲ.

ಕಾನ್ಸಾಸ್ ಸಿಟಿಗೆ ಮರಳೋಣ, ಏಕೆಂದರೆ ನಿಜವಾದ ಹೋರಾಟ ನಡೆದದ್ದು ಅಭ್ಯರ್ಥಿಯ ಮತದಾನದ ಹಿಂದಿನ ದಿನ, ನಿಯಮ 16-ಸಿ ಎಂಬ ತಿದ್ದುಪಡಿಯ ಮೇಲೆ. ಎಲ್ಲ ಅಭ್ಯರ್ಥಿಗಳೂ ಅಧ್ಯಕ್ಷ ಸ್ಥಾನದ ಮತದಾನಕ್ಕೆ ಮೊದಲೇ ತಮ್ಮ ಉಪಾಧ್ಯಕ್ಷರ ಹೆಸರು ಹೇಳಬೇಕು ಎಂಬುದು ಅದರ ಸಾರ. ರೇಗನ್ ಹೇಳಿಯಾಗಿತ್ತು. ಫೋರ್ಡ್ ಈಗ ಹೇಳಬೇಕಾದರೆ ಯಾರ ಹೆಸರು ತೆಗೆದರೂ ಒಂದು ಗುಂಪು ಮುನಿಯುತ್ತದೆ, ಆ ಮುನಿಸಿನಿಂದ 60 ಮತ ಸಿಕ್ಕರೆ ಸಾಕು. ನಿಯಮದ ಮೇಲಿನ ಮತದಾನವಾದ್ದರಿಂದ ಫೋರ್ಡ್‌ಗೆ ಬದ್ಧರಾಗಿದ್ದ ರೇಗನ್ ಅಭಿಮಾನಿಗಳೂ ಮುಕ್ತವಾಗಿ ಮತ ಹಾಕಬಹುದಿತ್ತು. ಯೋಜನೆ ಜಾಣತನದ್ದೇ. ಫಲಿತಾಂಶ: ಪರ 1,069, ವಿರೋಧ 1,180. 56 ಮಂದಿ ಕಡೆ ಬದಲಿಸಿದ್ದರೆ ತಿದ್ದುಪಡಿ ಪಾಸಾಗುತ್ತಿತ್ತು.

ಯೋಜನೆ ವಿಫಲವಾದದ್ದೇಕೆ? 16-ಸಿ ಒಂದು ಕಾರ್ಯವಿಧಾನದ ಪ್ರಶ್ನೆಯಾಗಿತ್ತು. ಉಪಾಧ್ಯಕ್ಷರ ಹೆಸರು ಬೆಳಿಗ್ಗೆ ಹೇಳಬೇಕೋ ಮರುದಿನ ಹೇಳಬೇಕೋ ಎಂಬುದಕ್ಕಾಗಿ ಯಾವ ಪ್ರತಿನಿಧಿಯ ರಕ್ತವೂ ಕುದಿಯುವುದಿಲ್ಲ. ಅದರ ಬದಲು ಸಿದ್ಧಾಂತದ ಪ್ರಶ್ನೆಯನ್ನೇ ಸಭೆಯ ಮುಂದಿಟ್ಟಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಸುಳಿವು ಅದೇ ರಾತ್ರಿ ಸಿಕ್ಕಿತು. ಹೆಲ್ಮ್ಸ್ ಬೆಂಬಲಿಗರು ವಿದೇಶಾಂಗ ನೀತಿಯಲ್ಲಿ ನೈತಿಕತೆ ಎಂಬ ಶೀರ್ಷಿಕೆಯ ಒಂದು ಪ್ಯಾರಾವನ್ನು ಪ್ರಣಾಳಿಕೆಗೆ ಸೇರಿಸಲು ಮುಂದಿಟ್ಟರು. ಅದರಲ್ಲಿ ಸೊಲ್ಜೆನಿತ್ಸಿನ್ ಅವರ ಪ್ರಶಂಸೆ ಇತ್ತು, ಕಮ್ಯುನಿಸ್ಟ್ ದೇಶಗಳಿಂದ ಏನನ್ನೂ ಪಡೆಯದೆ ರಿಯಾಯಿತಿ ಕೊಡುವ ಒಪ್ಪಂದಗಳ ಟೀಕೆ ಇತ್ತು. ಓದಿದ ಯಾರಿಗೂ ಅದು ಫೋರ್ಡ್ ಮತ್ತು ಅವರ ವಿದೇಶಾಂಗ ಸಚಿವ ಹೆನ್ರಿ ಕಿಸಿಂಜರ್ ಅವರ ಮುಖಕ್ಕೆ ಹೊಡೆದಂತೆ ಎಂಬುದು ಗೊತ್ತಾಗುತ್ತಿತ್ತು. ಕಿಸಿಂಜರ್ ಕಿಡಿಕಿಡಿಯಾದರು. ಆದರೆ ಫೋರ್ಡ್ ಪಾಳೆಯ ಮತಕ್ಕೆ ಹಾಕಿ ಸೋಲುವ ಅಪಾಯ ತೆಗೆದುಕೊಳ್ಳಲಿಲ್ಲ, ಧ್ವನಿಮತದಲ್ಲಿ ಸದ್ದಿಲ್ಲದೆ ಒಪ್ಪಿಕೊಂಡಿತು. ಹಾಲಿ ಅಧ್ಯಕ್ಷರೊಬ್ಬರ ನೀತಿಯನ್ನು ಅವರದೇ ಪಕ್ಷದ ಪ್ರಣಾಳಿಕೆ ಖಂಡಿಸಿತು, ಅಧ್ಯಕ್ಷರು ಬಾಯಿ ಬಿಡಲಿಲ್ಲ. ಅಂಥ ಬೆಲೆ ಸಿಕ್ಕಿದ್ದು ಎಣಿಕೆ 60ರ ಆಸುಪಾಸಿನಲ್ಲಿದ್ದುದರಿಂದ.

ಅಭ್ಯರ್ಥಿಯಾದ ಮೇಲೆ ಫೋರ್ಡ್ ಉಪಾಧ್ಯಕ್ಷ ಸ್ಥಾನಕ್ಕೆ ಕನ್ಸರ್ವೇಟಿವ್ ಬಣ ಒಪ್ಪುವ ಬಾಬ್ ಡೋಲ್ ಅವರನ್ನು ಆರಿಸಿದರು. ಕೊನೆಯ ರಾತ್ರಿ ತಮ್ಮ ಭಾಷಣ ಮುಗಿಸಿ, ರೇಗನ್ ಅವರನ್ನು ವೇದಿಕೆಗೆ ಕರೆದು ಮಾತಾಡಿಸಿದರು. ಹೊರಗಿನಿಂದ ನೋಡಿದರೆ ಒಗ್ಗಟ್ಟು ಪೂರ್ಣ. ನವೆಂಬರ್‌ನಲ್ಲಿ ಫೋರ್ಡ್ ಸೋತರು: ಡೆಮಾಕ್ರಟಿಕ್ ಅಭ್ಯರ್ಥಿ ಜಿಮ್ಮಿ ಕಾರ್ಟರ್‌ಗೆ 297 ಎಲೆಕ್ಟೊರಲ್ ಮತ (ರಾಜ್ಯಗಳ ಎಲೆಕ್ಟರ್‌ಗಳು ಅಧ್ಯಕ್ಷರ ಆಯ್ಕೆಗೆ ಹಾಕುವ ಮತ), ಫೋರ್ಡ್‌ಗೆ 240. ವಾಷಿಂಗ್ಟನ್ ರಾಜ್ಯದ ಒಬ್ಬ ಎಲೆಕ್ಟರ್ ತಾನು ಫೋರ್ಡ್‌ಗೆ ಹಾಕಬೇಕಿದ್ದ ಮತವನ್ನು ರೇಗನ್‌ಗೆ ಹಾಕಿದ್ದರು.

ರೇಗನ್ ಪಕ್ಷವನ್ನು ಒಡೆಯದಿದ್ದರೆ ಫೋರ್ಡ್ ಗೆಲ್ಲುತ್ತಿದ್ದರು ಎಂಬ ದೂರು ಆಗಿನಿಂದ ಇದೆ. ಇದನ್ನು ಒಪ್ಪುವವರ ಕೈಯಲ್ಲಿ ಗಟ್ಟಿ ಅಂಕಿಗಳಿವೆ. ಓಹಾಯೊದಲ್ಲಿ ಕಾರ್ಟರ್ ಗೆದ್ದದ್ದು ಸುಮಾರು 11 ಸಾವಿರ ಮತಗಳಿಂದ, ಹವಾಯಿಯಲ್ಲಿ ಸುಮಾರು 7 ಸಾವಿರದಿಂದ. ಈ ಎರಡು ರಾಜ್ಯ ಫೋರ್ಡ್ ಕಡೆ ಬಂದಿದ್ದರೆ ಚಿತ್ರವೇ ಬೇರೆ. ಇಷ್ಟು ಸಣ್ಣ ಅಂತರಕ್ಕೆ ಯಾವ ಕಾರಣವನ್ನಾದರೂ ಹೊಣೆ ಮಾಡಬಹುದು ಎಂಬುದೇ ತೊಂದರೆ. 1974ರ ಸೆಪ್ಟೆಂಬರ್‌ನಲ್ಲಿ ನಿಕ್ಸನ್‌ಗೆ ಕೊಟ್ಟ ಕ್ಷಮಾದಾನ ಇತ್ತು, ಹಣದುಬ್ಬರದ ಬೇಗೆ ಇತ್ತು, ಅಕ್ಟೋಬರ್ 6ರ ಚರ್ಚೆಯಲ್ಲಿ ಪೂರ್ವ ಯುರೋಪ್ ಮೇಲೆ ಸೋವಿಯತ್ ಹಿಡಿತವೇ ಇಲ್ಲ ಎಂದು ಫೋರ್ಡ್ ಆಡಿದ ಮಾತಿತ್ತು. ಜಾರ್ಜಿಯಾದವರಾದ ಕಾರ್ಟರ್ ದಕ್ಷಿಣದಲ್ಲಿ ವರ್ಜೀನಿಯಾ ಒಂದನ್ನು ಬಿಟ್ಟು ಉಳಿದೆಲ್ಲ ಗೆದ್ದರು. ರೇಗನ್ ಬಂಡಾಯ ಇವುಗಳಲ್ಲಿ ಒಂದು ಕಾರಣ, ಅದೊಂದೇ ಕಾರಣವಲ್ಲ. ಬಂಡಾಯವಿಲ್ಲದೆಯೂ ಫೋರ್ಡ್ ಸೋಲಬಹುದಿತ್ತು, ಆಗ 1980ಕ್ಕೆ ಪಕ್ಷದ ಬಳಿ ಸಿದ್ಧವಾದ ನಾಯಕನೂ ಇರುತ್ತಿರಲಿಲ್ಲ.

ತತ್ವದ ಬಣ ಗೆದ್ದಾಗ ಏನಾಗುತ್ತದೆ ಎಂಬುದಕ್ಕೆ 1964 ಸಾಕ್ಷಿ. ಸ್ಯಾನ್ ಫ್ರಾನ್ಸಿಸ್ಕೊ ಅಂಚಿನ ಕೌ ಪ್ಯಾಲೇಸ್ ಸಭಾಂಗಣದಲ್ಲಿ ನಡೆದ ಸಮಾವೇಶದಲ್ಲಿ ಆ ಬಣದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ 883 ಮತ ಪಡೆದು ಗೆದ್ದರು. ವೇದಿಕೆಗೆ ಬಂದ ರಾಕಫೆಲ್ಲರ್ ಮಾತಾಡಲಾಗದಷ್ಟು ಕೂಗಾಟ ಎದುರಿಸಿದರು. ಸೋತವರಿಗೆ ಕೈ ಚಾಚಬೇಕಾದ ಭಾಷಣದಲ್ಲಿ, ಸ್ವಾತಂತ್ರ್ಯದ ರಕ್ಷಣೆಗಾಗಿ ಅತಿರೇಕ ದೋಷವಲ್ಲ ಎಂದರು ಗೋಲ್ಡ್‌ವಾಟರ್. ನವೆಂಬರ್‌ನಲ್ಲಿ ಅವರಿಗೆ ಬಂದದ್ದು 52 ಎಲೆಕ್ಟೊರಲ್ ಮತ, ಡೆಮಾಕ್ರಟಿಕ್ ಪಕ್ಷದ ಲಿಂಡನ್ ಜಾನ್ಸನ್‌ಗೆ 486. ಸಂಸತ್ತಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿ ಪಕ್ಷ 36 ಸ್ಥಾನ ಕಳೆದುಕೊಂಡಿತು. ಹಾಗೆ ಸಿಕ್ಕ ಬಲದಿಂದ ಜಾನ್ಸನ್ ಮರುವರ್ಷವೇ ವೃದ್ಧರಿಗೆ ಸರ್ಕಾರಿ ಆರೋಗ್ಯ ವಿಮೆ ಕೊಡುವ ಮೆಡಿಕೇರ್ ತಂದರು. ಯಾವ ಸರ್ಕಾರ ಬೆಳೆಯಬಾರದೆಂದು ಗೋಲ್ಡ್‌ವಾಟರ್ ಬೆಂಬಲಿಗರು ಹಟ ಹಿಡಿದಿದ್ದರೋ, ಅವರ ಸೋಲಿನಿಂದ ಅದೇ ಸರ್ಕಾರ ಇನ್ನಷ್ಟು ಬೆಳೆಯಿತು. ಇನ್ನೂ ಗಂಭೀರವಾದ ಮಾತೊಂದಿದೆ. 1964ರ ಜೂನ್‌ನಲ್ಲಿ ಸೆನೆಟ್‌ನ 33 ರಿಪಬ್ಲಿಕನ್ನರ ಪೈಕಿ 27 ಮಂದಿ ನಾಗರಿಕ ಹಕ್ಕುಗಳ ಮಸೂದೆಯನ್ನು ಬೆಂಬಲಿಸಿದ್ದರು. ವಿರೋಧಿಸಿದ ಆರು ಮಂದಿಯಲ್ಲಿ ಗೋಲ್ಡ್‌ವಾಟರ್ ಒಬ್ಬರು. ಅವರು ಕೊಟ್ಟ ಕಾರಣ ಸಂವಿಧಾನದ ತತ್ವ, ಕೇಂದ್ರಕ್ಕೆ ಅಂಥ ಅಧಿಕಾರವಿಲ್ಲ ಎಂದು. ತವರು ಅರಿಜೋನಾ ಬಿಟ್ಟರೆ ಅವರನ್ನು ಗೆಲ್ಲಿಸಿದ ಐದೂ ರಾಜ್ಯಗಳು ವರ್ಣಭೇದ ಬೇರೂರಿದ್ದ ದಕ್ಷಿಣದವು. ಕಪ್ಪು ಮತದಾರರು ಪಕ್ಷದಿಂದ ದೂರವಾದರು, ಮತ್ತೆ ಮರಳಿ ಬರಲಿಲ್ಲ. ತತ್ವ ಎಂಬ ಮಾತು ಕೇಳಿದೊಡನೆ ಅದು ಯಾವ ತತ್ವ, ಅದರ ಭಾರ ಹೊರುವವರು ಯಾರು ಎಂದು ಕೇಳಲೇಬೇಕು ಎನ್ನುವುದಕ್ಕೆ ಇದಕ್ಕಿಂತ ಕಾರಣ ಬೇಡ.

ಗೋಲ್ಡ್‌ವಾಟರ್ ಸೋಲಿನ ಬಳಿಕ ಪಕ್ಷದಲ್ಲಿ ಎರಡು ಸೂತ್ರಗಳು ಚಾಲ್ತಿಗೆ ಬಂದವು. ಕನ್ಸರ್ವೇಟಿವ್ ಚಿಂತಕ ವಿಲಿಯಂ ಬಕ್ಲಿ ಹೆಸರಿನಲ್ಲಿ ಓಡಾಡುವ ಸೂತ್ರದ ತಿರುಳು: ಗೆಲ್ಲುವ ಸಾಧ್ಯತೆ ಇರುವವರಲ್ಲಿ ಎಲ್ಲರಿಗಿಂತ ಬಲಕ್ಕಿರುವವರನ್ನು ಬೆಂಬಲಿಸಿ. 1966ರಲ್ಲಿ ಕ್ಯಾಲಿಫೋರ್ನಿಯಾ ಪಕ್ಷದ ಅಧ್ಯಕ್ಷ ಗೇಲಾರ್ಡ್ ಪಾರ್ಕಿನ್ಸನ್ ಕೊಟ್ಟದ್ದು ಇನ್ನೊಂದು: ಸ್ವಪಕ್ಷದವರ ಬಗ್ಗೆ ಕೆಟ್ಟದ್ದು ಆಡಬೇಡಿ. ಎರಡೂ ಕೇಳಲು ಚೆನ್ನ. ಆದರೆ ಗೆಲ್ಲುವ ಸಾಧ್ಯತೆ ಯಾರಿಗಿದೆ ಎಂಬುದೇ ಜಗಳದ ವಿಷಯವಾದಾಗ ಮೊದಲನೆಯದು ಏನನ್ನೂ ಬಗೆಹರಿಸುವುದಿಲ್ಲ. 1976ರಲ್ಲಿ ರೇಗನ್ ಗೆಲ್ಲಲಾರರು ಎಂದವರ ಕಣ್ಣೆದುರೇ 1980ರಲ್ಲಿ ಅವರು 489 ಎಲೆಕ್ಟೊರಲ್ ಮತ ಪಡೆದರು. ಎರಡನೆಯದನ್ನು ಪಾಲಿಸಿದಷ್ಟು ಕಾಲ ರೇಗನ್ 1976ರಲ್ಲಿ ಸೋಲುತ್ತಲೇ ಇದ್ದರು. ಫೋರ್ಡ್ ಸರ್ಕಾರದ ನೀತಿಗಳ ಮೇಲೆ ನೇರವಾಗಿ ಎರಗಿದ ಮೇಲೆಯೇ ಉತ್ತರ ಕೆರೊಲಿನಾ ಅವರಿಗೆ ಒಲಿದದ್ದು.

ಹೊರಗೆ ನಡೆದವರ ಗತಿಯನ್ನು ಚುಟುಕಾಗಿ ಹೇಳಿಬಿಡಬಹುದು. 1912ರಲ್ಲಿ ಹಾಲಿ ಅಧ್ಯಕ್ಷ ಟಾಫ್ಟ್ ಹಿಡಿತದಲ್ಲಿದ್ದ ಪಕ್ಷದ ರಾಷ್ಟ್ರೀಯ ಸಮಿತಿ, ತಕರಾರಿದ್ದ 254 ಪ್ರತಿನಿಧಿ ಸ್ಥಾನಗಳಲ್ಲಿ 235ನ್ನು ಟಾಫ್ಟ್ ಬಣಕ್ಕೇ ಕೊಟ್ಟಿತು. ಟಾಫ್ಟ್‌ಗೆ ಎದುರಾಗಿದ್ದ ಮಾಜಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಬೇರೆ ಪಕ್ಷ ಕಟ್ಟಿ ಶೇ 27.4ರಷ್ಟು ಮತ ಪಡೆದರು, ಟಾಫ್ಟ್ ಶೇ 23.2ರಷ್ಟು. ಇಬ್ಬರದೂ ಸೇರಿದರೆ ಅರ್ಧಕ್ಕಿಂತ ಹೆಚ್ಚು. ಶೇ 42ರಷ್ಟು ಮತ ಪಡೆದ ಡೆಮಾಕ್ರಟಿಕ್ ಪಕ್ಷದ ವುಡ್ರೊ ವಿಲ್ಸನ್ 435 ಎಲೆಕ್ಟೊರಲ್ ಮತಗಳೊಂದಿಗೆ ಅಧ್ಯಕ್ಷರಾದರು.

2016ಕ್ಕೆ ಬಂದರೆ ಇದೇ ಯಂತ್ರದ ಎಲ್ಲ ಭಾಗಗಳೂ ಮತ್ತೆ ಕಾಣಿಸುತ್ತವೆ, ಆದರೆ ಫಲಿತಾಂಶ ಬೇರೆ. ಗೆಲುವಿಗೆ ಬೇಕಿದ್ದದ್ದು 2,472ರಲ್ಲಿ 1,237 ಪ್ರತಿನಿಧಿಗಳು. ಡೊನಾಲ್ಡ್ ಟ್ರಂಪ್ ಅವರನ್ನು ಒಪ್ಪದ ಕನ್ಸರ್ವೇಟಿವ್ ಮತ ಟೆಡ್ ಕ್ರೂಜ್, ಮಾರ್ಕೊ ರೂಬಿಯೊ, ಜೆಬ್ ಬುಷ್, ಜಾನ್ ಕೇಸಿಕ್ ಮುಂತಾದವರ ನಡುವೆ ಚದುರಿತು. ಹಂಚಿಕೆಯ ನಿಯಮ ಆ ಚದುರುವಿಕೆಗೆ ಕಠಿಣ ದಂಡ ವಿಧಿಸಿತು. ದಕ್ಷಿಣ ಕೆರೊಲಿನಾದಲ್ಲಿ ಟ್ರಂಪ್ ಪಡೆದದ್ದು ಶೇ 32.5 ಮತ, ಸಿಕ್ಕದ್ದು 50ಕ್ಕೆ 50 ಪ್ರತಿನಿಧಿಗಳು. ಫ್ಲಾರಿಡಾದಲ್ಲಿ ಶೇ 46ರ ಆಸುಪಾಸು ಮತಕ್ಕೆ 99ಕ್ಕೆ 99. ಅಂದರೆ ಮೂರನೇ ಎರಡು ಭಾಗ ಮತದಾರರು ಬೇಡವೆಂದರೂ ಮೊದಲಿಗರೇ ಎಲ್ಲವನ್ನೂ ಬಾಚಿಕೊಳ್ಳಬಹುದು. ಒಬ್ಬರ ಹಿಂದೆ ಒಟ್ಟಾಗಬೇಕೆಂದು ಎಲ್ಲರಿಗೂ ಗೊತ್ತಿತ್ತು, ಹಿಂದೆ ಸರಿಯಬೇಕಾದವರು ಇನ್ನೊಬ್ಬರು ಎಂದೇ ಪ್ರತಿಯೊಬ್ಬರೂ ನಂಬಿದ್ದರು. ತತ್ವದ ಬಣಕ್ಕೆ ತನ್ನೊಳಗೇ ಒಗ್ಗಟ್ಟಿಲ್ಲದಿದ್ದರೆ ಉಳಿದದ್ದೆಲ್ಲ ನೀರಿನ ಮೇಲಿನ ಹೋಮ.

ಕ್ರೂಜ್ ಪಾಳೆಯ ಪ್ರತಿನಿಧಿಗಳ ಕುರ್ಚಿಯಲ್ಲಿ ಯಾರು ಕೂರುತ್ತಾರೆ ಎಂಬುದರ ಮೇಲೆ ಕಣ್ಣಿಟ್ಟಿತ್ತು. ಪ್ರೈಮರಿ ಇಲ್ಲದ ಕೊಲೊರಾಡೊದಲ್ಲಿ ಏಪ್ರಿಲ್‌ನ ಸಭೆಗಳಿಂದ ಆಯ್ಕೆಯಾದ 34 ಸ್ಥಾನಗಳನ್ನೂ ಗೆದ್ದುಕೊಂಡಿತು. ಟ್ರಂಪ್ 1,237 ಮುಟ್ಟದೆ ಎರಡನೇ ಸುತ್ತು ನಡೆದಿದ್ದರೆ, ಮೊದಲ ಸುತ್ತಿನ ಬದ್ಧತೆ ಕಳಚಿದ ಪ್ರತಿನಿಧಿಗಳು ಕ್ರೂಜ್ ಕಡೆ ಹರಿಯಬಹುದಿತ್ತು. ಆದರೆ ಮೇ 3ರ ಇಂಡಿಯಾನಾ ಸೋಲಿನ ನಂತರ ಕ್ರೂಜ್ ಹಿಂದೆ ಸರಿದರು, ಟ್ರಂಪ್ 1,237 ದಾಟಿದರು.

ಕೊನೆಯ ಯತ್ನ ಜುಲೈನಲ್ಲಿ, ಕ್ಲೀವ್‌ಲ್ಯಾಂಡ್ ಸಮಾವೇಶದ ನಿಯಮ ಸಮಿತಿಯಲ್ಲಿ. ಪ್ರತಿನಿಧಿಗಳು ಆತ್ಮಸಾಕ್ಷಿಯಂತೆ ಮತ ಹಾಕಬಹುದು ಎಂಬ ತಿದ್ದುಪಡಿ ಅಲ್ಲಿ ಬಿದ್ದುಹೋಯಿತು. ಸಮಿತಿಯ 112 ಸದಸ್ಯರಲ್ಲಿ 28 ಮಂದಿ ಸಹಿ ಮಾಡಿದ್ದರೆ ಅಲ್ಪಮತದ ವರದಿಯಾಗಿ ಅದು ಪೂರ್ಣ ಸಭೆಗೆ ಬರುತ್ತಿತ್ತು, ಅಷ್ಟೂ ಸಿಗಲಿಲ್ಲ. ಜುಲೈ 18ರಂದು ನಿಯಮಾವಳಿಯ ಮೇಲೆ ರಾಜ್ಯವಾರು ಎಣಿಕೆಯ ಮತದಾನ ಬೇಕೆಂದು ಕೆಲವು ರಾಜ್ಯಗಳು ಅರ್ಜಿ ಕೊಟ್ಟವು. ಕನಿಷ್ಠ ಏಳು ರಾಜ್ಯಗಳ ಬಹುಮತದ ಸಹಿ ಬೇಕಿತ್ತು. ಒಂಬತ್ತು ರಾಜ್ಯಗಳು ಅರ್ಜಿ ಕೊಟ್ಟಿದ್ದವು, ಮೂರು ಹಿಂತೆಗೆದುಕೊಂಡಿವೆ, ಉಳಿದದ್ದು ಆರು ಎಂದು ಸಭಾಧ್ಯಕ್ಷರು ಪ್ರಕಟಿಸಿದರು. ಆ ಕೆಲವು ಗಂಟೆಗಳಲ್ಲಿ ಸಹಿ ಹಾಕಿದವರನ್ನು ಒಬ್ಬೊಬ್ಬರಾಗಿ ಹಿಡಿದು ಮನವೊಲಿಸಲಾಗಿತ್ತು. ಧ್ವನಿಮತದಲ್ಲಿ ನಿಯಮಾವಳಿ ಅಂಗೀಕಾರವಾಯಿತು, ಕೊಲೊರಾಡೊ ನಿಯೋಗ ಸಭಾತ್ಯಾಗ ಮಾಡಿತು. ಎರಡು ದಿನದ ಬಳಿಕ ವೇದಿಕೆ ಏರಿದ ಕ್ರೂಜ್ ಟ್ರಂಪ್‌ಗೆ ಬೆಂಬಲ ಘೋಷಿಸದೆ ಆತ್ಮಸಾಕ್ಷಿಯಂತೆ ಮತ ಹಾಕಿ ಎಂದಾಗ ಸಭಾಂಗಣ ಧಿಕ್ಕಾರ ಕೂಗಿತು. ಆಗಸ್ಟ್‌ನಲ್ಲಿ ಟ್ರಂಪ್ ವಿರುದ್ಧ ಸ್ವತಂತ್ರವಾಗಿ ನಿಂತ ಕನ್ಸರ್ವೇಟಿವ್ ಇವಾನ್ ಮಕ್‌ಮಲಿನ್‌ಗೆ ಬಹುತೇಕ ರಾಜ್ಯಗಳ ಗಡುವು ಮುಗಿದುಹೋಗಿತ್ತು, ಮತಪತ್ರದಲ್ಲಿ ಹೆಸರು ಬಂದದ್ದು 11 ರಾಜ್ಯಗಳಲ್ಲಿ. ಯೂಟಾದಲ್ಲಿ ಶೇ 21.5 ಮತ ಪಡೆದರು, ಅಷ್ಟಕ್ಕೇ ನಿಂತಿತು.

ಹಾಗಾದರೆ ಕನ್ಸರ್ವೇಟಿವ್ ಬಣಕ್ಕೆ 2016ರಲ್ಲಿ ಏನೂ ಸಿಗಲಿಲ್ಲವೇ? ಸಿಕ್ಕಿತು, ಮತ್ತು ಸಿಕ್ಕಿದ್ದು ಎಣಿಕೆಯ ಭಯ ಇನ್ನೂ ಇದ್ದಾಗಲೇ. ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಸ್ಕಾಲಿಯಾ ತೀರಿಕೊಂಡು ಸುಪ್ರೀಂ ಕೋರ್ಟ್‌ನಲ್ಲಿ ಒಂದು ಸ್ಥಾನ ಖಾಲಿಯಾಗಿತ್ತು. ಅನುಮಾನದಲ್ಲಿದ್ದ ಕನ್ಸರ್ವೇಟಿವ್ ಮತದಾರರನ್ನು ಒಲಿಸಿಕೊಳ್ಳಲು ಮೇ ತಿಂಗಳಲ್ಲಿ ಟ್ರಂಪ್ 11 ಸಂಭಾವ್ಯ ನ್ಯಾಯಮೂರ್ತಿಗಳ ಪಟ್ಟಿ ಹೊರಗೆ ಬಿಟ್ಟರು. ಸೆಪ್ಟೆಂಬರ್ 23ರಂದು ಪಟ್ಟಿ 21 ಹೆಸರಿಗೆ ಬೆಳೆಯಿತು, ಕ್ರೂಜ್ ಆಪ್ತ ಸೆನೆಟರ್ ಮೈಕ್ ಲೀ ಹೆಸರೂ ಅದರಲ್ಲಿತ್ತು. ಅದೇ ದಿನ ಕ್ರೂಜ್ ಬೆಂಬಲ ಘೋಷಿಸಿ, ಮೊದಲ ಕಾರಣವಾಗಿ ಸುಪ್ರೀಂ ಕೋರ್ಟನ್ನೇ ಹೆಸರಿಸಿದರು. ಆ ಪಟ್ಟಿಯಲ್ಲಿದ್ದ ನೀಲ್ ಗೋರ್ಸಚ್ 2017ರಲ್ಲಿ ನ್ಯಾಯಮೂರ್ತಿಯಾದರು. 2022ರ ಜೂನ್‌ನಲ್ಲಿ ಗರ್ಭಪಾತದ ಸಾಂವಿಧಾನಿಕ ಹಕ್ಕನ್ನು ರದ್ದುಗೊಳಿಸಿದ ಬಹುಮತದಲ್ಲಿ ಅವರೂ ಇದ್ದರು.

2020ರಲ್ಲಿ ಟ್ರಂಪ್‌ಗೆ ಗಂಭೀರ ಎದುರಾಳಿ ಇರಲಿಲ್ಲ. ಆ ವರ್ಷ ಪಕ್ಷ ಹೊಸ ಪ್ರಣಾಳಿಕೆಯನ್ನೇ ಬರೆಯಲಿಲ್ಲ, ಹಳೆಯದನ್ನೇ ಮುಂದುವರಿಸಿತು. 2024ರ ಜುಲೈನಲ್ಲಿ ಪ್ರಣಾಳಿಕೆ ಸಮಿತಿ ಮಿಲ್ವಾಕಿಯಲ್ಲಿ ಮುಚ್ಚಿದ ಬಾಗಿಲ ಹಿಂದೆ ಸೇರಿದಾಗ ಅಭ್ಯರ್ಥಿ ಯಾರೆಂಬುದು ನಾಲ್ಕು ತಿಂಗಳ ಹಿಂದೆಯೇ ಖಚಿತವಾಗಿತ್ತು. ಸಮಿತಿಯ ಮುಂದೆ ಬಂದದ್ದು ಕೇವಲ 16 ಪುಟಗಳ ಕರಡು. 20 ವಾರಗಳ ನಂತರದ ಗರ್ಭಪಾತವನ್ನು ದೇಶದಾದ್ಯಂತ ನಿಷೇಧಿಸಬೇಕೆಂಬ ಹಿಂದಿನ ಬೇಡಿಕೆ ಅದರಲ್ಲಿರಲಿಲ್ಲ. ಅದನ್ನು ಉಳಿಸಬೇಕೆಂದಿದ್ದವರ ಬಳಿ ಬೆದರಿಸಲು ಪ್ರತಿನಿಧಿಗಳಿರಲಿಲ್ಲ, ಕಾಯುವ ಎರಡನೇ ಸುತ್ತಿರಲಿಲ್ಲ, ಅತ್ತಿತ್ತ ವಾಲಬಲ್ಲ ರಾಜ್ಯವೂ ಇರಲಿಲ್ಲ. ಕರಡಿನ ಪರ 84 ಮತ, ವಿರೋಧ 18.